ಟಿ.ವಿ. ಇಲ್ಲದ ಮನೆಯಲ್ಲಿ ನೀರಿನ ಸದ್ದು

ನಮ್ಮ ಮನೆಗೆ ಮೊದಲ ಬಾರಿ ಬಂದವರು ಜಗಲಿಯಲ್ಲಿ ಕುಳಿತು ಒಂದು ಲೋಟ ಶರಬತ್ತು ಕುಡಿದು ಮುಗಿಸುವುದರೊಳಗೆ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಂದು, "ಎಲ್ಲಿಯೋ ನೀರು ಬೀಳ್ತಾ ಇದೆಯಲ್ಲ, ನಳ್ಳಿ ಬಂದ್ ಮಾಡಲು ಮರೆತಿರಾ?" ಇನ್ನೊಂದು, "ಟಿ.ವಿ. ಎಲ್ಲಿಟ್ಟಿದ್ದೀರಿ?" ನಳ್ಳಿ ಅಲ್ಲ, ಸುರಂಗದ ನೀರು ಎನ್ನುತ್ತೇನೆ. ಟಿ.ವಿ. ಇಲ್ಲ ಎನ್ನುತ್ತೇನೆ. ಮೊದಲನೆಯ ಉತ್ತರಕ್ಕೆ ಅವರು ಎದ್ದು ಹಿತ್ತಿಲಿಗೆ ಹೋಗಿ ನೋಡಿ ಬರುತ್ತಾರೆ. ಎರಡನೆಯದಕ್ಕೆ ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ನಮ್ಮ ಮನೆಯಲ್ಲಿ ಈ ಎರಡು ಪ್ರಶ್ನೆಗಳ ಉತ್ತರವೂ ಒಂದೇ ಕಥೆಯೊಳಗಿದೆ.

ಮಂಗಳೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಬಂದು ಕಲ್ಲಡ್ಕದಲ್ಲಿ ಬಲಕ್ಕೆ ತಿರುಗಿದರೆ ವಿಟ್ಲ. ವಿಟ್ಲ ದಾಟಿ ಅಡ್ಯನಡ್ಕದ ಕಡೆಗೆ ಹೋಗುವ ರಸ್ತೆ ಮುಂದೆ ಪೆರ್ಲದ ಮೂಲಕ ಕಾಸರಗೋಡು ಜಿಲ್ಲೆಯನ್ನು ಸೇರುತ್ತದೆ. ಆ ರಸ್ತೆಯಲ್ಲಿ ಒಂದು ಕಡೆ ಬಸ್ಸಿನಿಂದಿಳಿದು, ಅಡಿಕೆ ತೋಟದ ನಡುವಿನ ತೋಡಿನ ಕಾಲುಸಂಕ ದಾಟಿ, ಮುರಕಲ್ಲು ಕಡಿದು ಮಾಡಿದ ದಾರಿಯಲ್ಲಿ ಅರ್ಧ ತಾಸು ಗುಡ್ಡೆ ಹತ್ತಬೇಕು. ಈಗ ಜೀಪು ಬರುತ್ತದೆ. ನಾವು ಬಂದ ವರ್ಷ ಬರುತ್ತಿರಲಿಲ್ಲ. ಮನೆ ಹಂಚಿನದು, ಮಾವನವರ ತಂದೆ ಕಟ್ಟಿಸಿದ್ದು. ಮುಂದೆ ಅಂಗಳ, ಅಂಗಳದ ಕೆಳಗೆ ಎರಡೂವರೆ ಎಕರೆ ಅಡಿಕೆ ತೋಟ, ಹಿಂದೆ ಗುಡ್ಡೆ. ಆ ಗುಡ್ಡೆಯ ಹೊಟ್ಟೆಯೊಳಗಿಂದ ಬರುವ ನೀರು ಹಿತ್ತಿಲಿನ ಕಲ್ಲಿನ ಮರಿಗೆಗೆ ಹಗಲೂ ರಾತ್ರಿಯೂ ಬೀಳುತ್ತಿರುತ್ತದೆ.

2008ರ ಮೇ ತಿಂಗಳವರೆಗೆ ನಾವು ಮಂಗಳೂರಿನವರು. ಬಂದರಿನ ಹತ್ತಿರ ಮೂರನೇ ಮಾಳಿಗೆಯ ಬಾಡಿಗೆ ಮನೆ. ನಮ್ಮವರಿಗೆ ಚಪ್ಪಲಿಯ ಅಂಗಡಿ. ಅಂಗಡಿ ಇದ್ದ ಹಳೆಯ ಕಟ್ಟಡವನ್ನು ಕೆಡವಿ ಹೊಸತು ಕಟ್ಟುವುದೆಂದಾದಾಗ ಇವರು ಬೇರೆ ಅಂಗಡಿ ಹುಡುಕಲಿಲ್ಲ. ಗೇಣಿಗೆ ಕೊಟ್ಟಂತೆ ಯಾರ್ಯಾರೋ ನೋಡಿಕೊಳ್ಳುತ್ತಿದ್ದ ತೋಟ ಹಾಳಾಗುತ್ತಿದೆ, ನಾವೇ ಹೋಗೋಣ ಎಂದರು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಒಂದು ಕಾರಣ ಟಿ.ವಿ. ಎಂದರೆ ನಗಬೇಡಿ.

ಆ ಮನೆಯಲ್ಲಿ ಅಸರ್ ಆದ ಮೇಲೆ ಟಿ.ವಿ. ಹಚ್ಚಿದರೆ ಮಲಗುವವರೆಗೂ ಆರುತ್ತಿರಲಿಲ್ಲ. ಮಗ್ರಿಬ್ ನಮಾಝಿನ ಹೊತ್ತಿಗೆ ಸದ್ದು ಮಾತ್ರ ಕಡಿಮೆ ಮಾಡುತ್ತಿದ್ದೆವು, ಚಿತ್ರ ಓಡುತ್ತಲೇ ಇರುತ್ತಿತ್ತು. ಕ್ರಿಕೆಟ್ ಇದ್ದ ದಿನ ಮಗನದ್ದು, ಉಳಿದ ದಿನ ಧಾರಾವಾಹಿ. ಊಟಕ್ಕೆ ಕುಳಿತರೂ ಎಲ್ಲರ ಮುಖ ಒಂದೇ ಕಡೆಗೆ. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಯಾರಿಗೂ ಗೊತ್ತಾಗಲಿಲ್ಲ ಎನ್ನುವಾಗ ನನಗೆ ರೋಸಿ ಹೋಗಿತ್ತು. ಹೊಸ ಮನೆಗೆ ಕೇಬಲ್ ಬರುವುದಿಲ್ಲ, ಡಿಶ್ ಹಾಕಿಸುವುದು ಬೇಡ, ಮಕ್ಕಳು ನಾಲ್ಕಕ್ಷರ ಓದಲಿ ಎಂದು ನಾವಿಬ್ಬರೂ ಸೇರಿ ನಿರ್ಧರಿಸಿದೆವು. ಟಿ.ವಿ.ಯನ್ನು ಕೆಳಗಿನ ಮನೆಯವರಿಗೆ ಎರಡು ಸಾವಿರ ರೂಪಾಯಿಗೆ ಕೊಟ್ಟೆವು.

ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅತ್ತೆಗೆ ಆಗ ಅರವತ್ತೆಂಟು. ಮಾವ ತೀರಿಕೊಂಡು ಐದು ವರ್ಷವಾಗಿತ್ತು. ಅವರು ಧಾರಾವಾಹಿಯನ್ನು ನೋಡುತ್ತಿರಲಿಲ್ಲ, ಅದರೊಂದಿಗೆ ಮಾತನಾಡುತ್ತಿದ್ದರು. "ಆ ಹೆಂಗಸಿನ ಮಾತು ನಂಬಬೇಡ ಮಗಳೇ, ಅವಳು ನಿನ್ನೆ ಬಾಗಿಲ ಹಿಂದೆ ನಿಂತಿದ್ದಳು" ಎಂದು ಪರದೆಯ ಹುಡುಗಿಗೆ ಎಚ್ಚರಿಕೆ ಕೊಡುತ್ತಿದ್ದರು. ಮಕ್ಕಳು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ದಿನವಿಡೀ ಆ ಮನೆಯಲ್ಲಿ ಅವರ ಮಾತಿಗೆ ಓಗೊಡುವವರು ಯಾರೂ ಇರಲಿಲ್ಲ ಎಂಬುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಪ್ರಕೃತಿಯ ಮಡಿಲು, ಹಸಿರು, ತಂಪು ಎಂದೆಲ್ಲ ಹೇಳುತ್ತಿದ್ದವರು ನಾನು ಮತ್ತು ಇವರು. ಅತ್ತೆ ಇದೇ ಗುಡ್ಡೆಗೆ ಹದಿನಾರನೇ ವಯಸ್ಸಿನಲ್ಲಿ ಮದುವೆಯಾಗಿ ಬಂದು ಸುಮಾರು ಹದಿನೈದು ವರ್ಷ ಇಲ್ಲಿ ದುಡಿದವರು. ಹಟ್ಟಿಗೆ ಸೊಪ್ಪು ಹೊತ್ತವರು, ಸೌದೆ ಹೊತ್ತವರು, ಕೈಕೂಸನ್ನು ಸೊಂಟದಲ್ಲಿಟ್ಟುಕೊಂಡು ಅಡಿಕೆ ಹೆಕ್ಕಿದವರು. ಮಾವ ಮಂಗಳೂರಿನಲ್ಲಿ ವ್ಯಾಪಾರ ಹಿಡಿದಾಗ ಗುಡ್ಡೆ ಇಳಿದ ದಿನ ಹಿಂತಿರುಗಿ ನೋಡಲಿಲ್ಲವಂತೆ. ಸಾಮಾನು ಹೊತ್ತ ಲಾರಿಯೊಡನೆ ಮತ್ತೆ ಇಲ್ಲಿಗೆ ಬಂದು ಮುಟ್ಟಿದಾಗ ಅವರು ಅಂಗಳದಲ್ಲಿ ನಿಂತು ಹೇಳಿದ್ದು ಇಷ್ಟೇ: "ಕಾಲುಸಂಕ ಈಗಲೂ ಅಡಿಕೆ ಮರದ್ದೇ."

ಜೂನ್ ಮೊದಲ ವಾರ ಮಳೆ ಹಿಡಿಯಿತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಅದು ಹಂಚಿನ ಮೇಲೆ ಬೀಳುವಾಗ ಹೇಗಿರುತ್ತದೆ ಎಂದು ಓದಿರಲಿಲ್ಲ. ಪಕ್ಕದಲ್ಲಿ ಕುಳಿತವರ ಮಾತೂ ಕೇಳದು. ಕರೆಂಟು ಹೋದರೆ ಮೂರು ನಾಲ್ಕು ದಿನ ಹೋದದ್ದೇ. ರಾತ್ರಿ ಕಪ್ಪೆಗಳ ಗಲಾಟೆ, ಜೀರುಂಡೆಯ ಗಲಾಟೆ. ನಿಶ್ಶಬ್ದ ಬದುಕು ಹುಡುಕಿಕೊಂಡು ಬಂದವಳಿಗೆ ಮಳೆಗಾಲದ ಗುಡ್ಡೆ ಬಂದರಿನ ಪೇಟೆಗಿಂತ ಗದ್ದಲದ್ದು ಅನಿಸಿತು. ಬಟ್ಟೆ ಒಣಗದು. ಬೆಂಕಿಪೆಟ್ಟಿಗೆ ಹೊತ್ತದು. ಏಳನೇ ತರಗತಿಯ ಮಗಳ ಕಾಲಿಗೆ ದಿನಾ ಉಂಬುಳ ಹತ್ತುತ್ತಿತ್ತು, ಅವಳು ಶಾಲೆಯಿಂದ ಬಂದು ಚೀಲ ಎಸೆದು, "ನಿಮಗೆ ಇಷ್ಟವಾದರೆ ನೀವು ಇರಿ ಉಮ್ಮ, ನನ್ನನ್ನು ಮಂಗಳೂರಿಗೆ ಬಿಡಿ" ಎಂದು ಅಳುತ್ತಿದ್ದಳು. ಇಶಾ ನಮಾಝ್ ಮುಗಿದು ಊಟವಾದರೆ ಗಂಟೆ ಎಂಟೂವರೆ. ಅಲ್ಲಿಂದ ಮುಂದೆ ಏನು ಮಾಡುವುದು? ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತರೆ ಮಾತೇ ಬರುತ್ತಿರಲಿಲ್ಲ. ಅಷ್ಟು ವರ್ಷ ಮಾತನಾಡುವ ಕೆಲಸವನ್ನು ನಾವು ಪೆಟ್ಟಿಗೆಗೆ ವಹಿಸಿಬಿಟ್ಟಿದ್ದೆವು.

ಅತ್ತೆ ದಾರಿ ಕಂಡುಕೊಂಡರು. ತೋಡಿನ ಆಚೆ ಒಂದು ಮನೆಯಲ್ಲಿ ಟಿ.ವಿ. ಇತ್ತು. ಕರೆಂಟು ಇದ್ದ ದಿನವೆಲ್ಲ ಎಂಟು ಗಂಟೆಗೆ ಕೊಡೆ, ಟಾರ್ಚು ಹಿಡಿದು ಹೊರಟುಬಿಡುತ್ತಿದ್ದರು. ಆ ಮನೆಯ ಅಕ್ಕ ತುಳು ಮಾತನಾಡುವವರು, ಬಹಳ ಒಳ್ಳೆಯವರು, ಇವರಿಗೆಂದು ಒಂದು ಮಣೆಯನ್ನೇ ತೆಗೆದಿಡುತ್ತಿದ್ದರು. ನಾವು ಬೇಡ ಎಂದರೂ ಕೇಳಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಹಿಂತಿರುಗುವಾಗ ಕಾಲುಸಂಕದ ಮೇಲೆ ಜಾರಿದರು. ಅಲ್‌ಹಮ್ದುಲಿಲ್ಲಾಹ್, ತೋಡಿಗೆ ಬೀಳಲಿಲ್ಲ, ಸಂಕದ ಕೊನೆಯ ಕಲ್ಲಿನ ಮೇಲೆ ಬಿದ್ದರು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಇವರು ತಾಯಿಯ ಮೇಲೆ ರೇಗಿದರು. ಒಂದು ಕಟ್ಟುಕಥೆಗಾಗಿ ಜೀವ ಕಳೆದುಕೊಳ್ಳುತ್ತಿದ್ದಿರಲ್ಲ ಎಂದರು. ಅತ್ತೆ ಕೂಗಾಡಲಿಲ್ಲ. "ನಿನಗೆ ತೋಟ ಇದೆ. ಇವಳಿಗೆ ಅಡುಗೆ ಮನೆ ಇದೆ. ಮಕ್ಕಳಿಗೆ ಶಾಲೆ ಇದೆ. ನನಗೆ ಏನಿದೆ?" ಎಂದು ಕೇಳಿದರು.

ಆ ರಾತ್ರಿ ನಮ್ಮವರು ಉಣ್ಣಲಿಲ್ಲ. ಬೆಳಿಗ್ಗೆ ಎದ್ದು, ವಿಟ್ಲಕ್ಕೆ ಹೋಗಿ ಟಿ.ವಿ. ತರುತ್ತೇನೆ, ಡಿಶ್ ಹಾಕಿಸುತ್ತೇನೆ ಎಂದು ಹೊರಟರು. ಅತ್ತೆ ಬೇಡ ಎಂದರು. "ನಾನು ಬಿದ್ದು ಹತ್ತು ದಿನವಾಯಿತು. ಆ ಕಥೆ ಈಗ ಎಲ್ಲಿಗೋ ಹೋಗಿರುತ್ತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹೊತ್ತಿಗೆ ಯಾರಾದರೂ ಒಬ್ಬರು ನನ್ನ ಹತ್ತಿರ ಕುಳಿತುಕೊಳ್ಳಿ, ಸಾಕು" ಎಂದರು.

ಟಿ.ವಿ. ಬಿಟ್ಟವರ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಓದಿದ್ದೇನೆ. ಮೂರ್ಖರ ಪೆಟ್ಟಿಗೆಯನ್ನು ಹೊರಹಾಕಿದೆವು, ಮನೆ ಸ್ವರ್ಗವಾಯಿತು ಎಂದು ಬರೆಯುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ. ಪೆಟ್ಟಿಗೆ ಹೊರಗೆ ಹೋದದ್ದು ಮೇ ತಿಂಗಳಲ್ಲಿ. ಅದು ಕುಳಿತಿದ್ದ ಜಾಗದಲ್ಲಿ ಮನುಷ್ಯರು ಕುಳಿತದ್ದು ಆಗಸ್ಟಿನಲ್ಲಿ, ಅದೂ ಒಂದು ಎಲುಬು ಮುರಿದ ಮೇಲೆ.

ಎಂಟೂವರೆಯಿಂದ ಒಂಬತ್ತು. ಮೊದಮೊದಲು ಸರದಿ ಹಾಕಿಕೊಂಡೆವು, ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತ ಹಾಗೆ. ಇವರು ಒಂದು ಸಣ್ಣ ರೇಡಿಯೋ ತಂದರು. ಆಕಾಶವಾಣಿಯ ಮಂಗಳೂರು ಕೇಂದ್ರ 1976ರಲ್ಲಿ ಶುರುವಾಗಿದ್ದು, ಅತ್ತೆಗೆ ಅದರ ಹಳೆಯ ಪರಿಚಯವಿತ್ತು. ಆದರೆ ರೇಡಿಯೋ ಹಚ್ಚಿದರೂ ಅವರು ಅದರ ಮೇಲೆಯೇ ಮಾತನಾಡುತ್ತಿದ್ದರು. ಕ್ರಮೇಣ ಅದನ್ನು ಹಚ್ಚುವುದನ್ನು ಬಿಟ್ಟೆವು. ಮಗಳು ಹೋಂವರ್ಕ್ ಹಿಡಿದುಕೊಂಡು ಅಲ್ಲಿಯೇ ಬಂದು ಕುಳಿತಳು. ಮಗ ಹಲಸಿನ ಬೀಜ ಸುಟ್ಟು ತಂದ. ಸೆಪ್ಟೆಂಬರಿನಲ್ಲಿ ಯಾರ ಸರದಿ ಎಂದು ಯಾರೂ ಕೇಳುತ್ತಿರಲಿಲ್ಲ.

ಅತ್ತೆಯ ತಂದೆ ಸುರಂಗ ತೋಡುವವರಾಗಿದ್ದರು ಎಂದು ನನಗೆ ಗೊತ್ತಾದದ್ದು ಆ ರಾತ್ರಿಗಳಲ್ಲಿ. ಮದುವೆಯಾಗಿ ಹದಿನಾಲ್ಕು ವರ್ಷ ಅವರೊಡನೆ ಒಂದೇ ಮನೆಯಲ್ಲಿದ್ದೆ, ಗೊತ್ತಿರಲಿಲ್ಲ.

ಸುರಂಗ ಎಂದರೆ ಅಡ್ಡ ಬಾವಿ. ಬಾವಿಯನ್ನು ಕೆಳಕ್ಕೆ ತೋಡಿದರೆ ಇದನ್ನು ಗುಡ್ಡೆಯ ಬದಿಯಿಂದ ಒಳಕ್ಕೆ ತೋಡುತ್ತಾರೆ. ನಮ್ಮ ಕಡೆ ಅಷ್ಟು ಮಳೆ ಬಿದ್ದರೂ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಮಾರ್ಚ್ ತಿಂಗಳಿಗೆ ಗುಡ್ಡೆ ಒಣಗಿಬಿಡುತ್ತದೆ. ಆದರೆ ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಅದರ ಕೆಳಗಿನ ಮೆದು ಮಣ್ಣಿನ ಪದರದ ಮೇಲೆ ನಿಧಾನವಾಗಿ ಜಿನುಗುತ್ತಿರುತ್ತದೆ. ಆ ಜಿನುಗು ಸಿಗುವವರೆಗೆ ಒಳಗೆ ಹೋಗಬೇಕು. ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಹೆಗಲು ಹಿಡಿಸುವಷ್ಟು ಅಗಲ. ಒಳಗೆ ಹೋದಂತೆ ನೆಲ ತುಸು ಏರುತ್ತಾ ಹೋಗಬೇಕು, ಆಗ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಹಗ್ಗ ಬಿಂದಿಗೆಯೂ ಬೇಡ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ನಮ್ಮದು ನಲವತ್ತು ಕೋಲು.

ಒಬ್ಬ ಪಿಕಾಸಿನಿಂದ ಕಡಿಯುವುದು, ಇನ್ನೊಬ್ಬ ಮಣ್ಣನ್ನು ಹೊರಗೆ ಎಳೆದು ತರುವುದು. ಒಳಗೆ ಎಣ್ಣೆ ದೀಪ ಇಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಹೊರಗೆ ಬಂದುಬಿಡಬೇಕು. ಎಲ್ಲಿ ತೋಡಬೇಕೆಂದು ತಿಳಿಯಲು ಹಿರಿಯರು ಮರಗಳನ್ನು ನೋಡುತ್ತಿದ್ದರಂತೆ. ಧೂಪದ ಮರ, ಬಸರಿ, ಉಪ್ಪಳಿಗೆ ಹುಲುಸಾಗಿರುವ ಕಡೆ ನೀರಿನ ಆಸೆ ಇಟ್ಟುಕೊಳ್ಳಬಹುದು. ಆಸೆ ಮಾತ್ರ. ಇಪ್ಪತ್ತು ಕೋಲು ಕಡಿದು ಬರಿಗೈಯಲ್ಲಿ ಹೊರಬಂದವರೂ ಇದ್ದಾರೆ. ನಮ್ಮ ಪಕ್ಕದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ಈಗ ಎಲ್ಲರಿಗೂ ಗೊತ್ತು. ಅಡಿಕೆ ಕೊಯ್ಯುವ ಕೂಲಿ ಕೆಲಸ ಮಾಡುತ್ತಿದ್ದ ಅವರು, ತಮಗೆ ಸಿಕ್ಕಿದ ಬೋಳು ಗುಡ್ಡೆಯಲ್ಲಿ ದಿನದ ದುಡಿಮೆ ಮುಗಿಸಿ ಒಬ್ಬರೇ ಸುರಂಗ ಕಡಿದರು. ಒಂದರ ಹಿಂದೆ ಒಂದು ಸುರಂಗ ನೀರಿಲ್ಲದೆ ವ್ಯರ್ಥವಾದರೂ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುದ್ದಿ ಕೇಳಿದಾಗ ನನಗೆ ಅತ್ತೆಯ ತಂದೆಯ ನೆನಪಾಯಿತು. ಅವರು ಕಡಿದದ್ದೆಲ್ಲ ಬೇರೆಯವರ ಗುಡ್ಡೆಯಲ್ಲಿ.

ತಂದೆಗೆ ಊಟ ಒಯ್ಯುವ ನೆಪದಲ್ಲಿ ಸುರಂಗದ ಬಾಯಿಗೆ ಹೋಗಿ ಕುಳಿತುಕೊಳ್ಳುತ್ತಿದ್ದ ಹುಡುಗಿ ಅತ್ತೆ. ಒಳಗಿನಿಂದ ಬರುವ ಪಿಕಾಸಿನ ಸದ್ದು ಗಟ್ಟಿಯಾಗಿದ್ದರೆ ಕಲ್ಲು, ಮಂದವಾದರೆ ಮಣ್ಣು, ನಿಂತರೆ ಎದೆ ಹೊಡೆದುಕೊಳ್ಳುವುದು. "ನನ್ನ ಕಿವಿ ಅಲ್ಲಿ ಪಳಗಿದ್ದು" ಎನ್ನುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಪೇಟೆಯಲ್ಲಿ ಆ ಕಿವಿಗೆ ಕೆಲಸವಿರಲಿಲ್ಲ.

2009ರ ಏಪ್ರಿಲ್. ಒಂದು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದರು. "ಮಗಳೇ, ನೀರಿನ ಸದ್ದು ಬದಲಾಗಿದೆ." ನಾನು ಕಿವಿಗೊಟ್ಟೆ. ಬೀಳುತ್ತಿತ್ತು, ಎಂದಿನ ಹಾಗೆಯೇ. ಬೇಸಿಗೆಯಲ್ಲವೇ, ಕಡಿಮೆಯಾಗಿರಬಹುದು ಎಂದೆ. "ಕಡಿಮೆ ಆಗುವುದು ಬೇರೆ, ಇದು ಬಿಟ್ಟು ಬಿಟ್ಟು ಬೀಳುತ್ತಿದೆ" ಎಂದರು. ಬೆಳಿಗ್ಗೆ ಸುಬ್‌ಹ್ ನಮಾಝಿಗೆ ವುಝೂ ಮಾಡಲು ಹೋದಾಗ ಮರಿಗೆಯ ನೀರು ಕೆಂಪಗಿತ್ತು. ಹಗಲಾದ ಮೇಲೆ ಕೆಲಸ ಬಲ್ಲವರನ್ನು ಕರೆಸಿದೆವು. ಒಳಗೆ ಇಪ್ಪತ್ತೈದನೇ ಕೋಲಿನಲ್ಲಿ ಮಾಡಿನ ಮಣ್ಣು ಕುಸಿದು ನೀರಿಗೆ ಅಡ್ಡ ನಿಂತಿತ್ತು. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಹಿಂದೆ ನಿಂತ ನೀರು ಇನ್ನಷ್ಟು ಮಣ್ಣನ್ನು ಕೆಡವಿ ಸುರಂಗವನ್ನೇ ಮುಚ್ಚುತ್ತಿತ್ತು ಎಂದು ಅವರು ಹೇಳಿದರು. ಮುಚ್ಚಿದ್ದರೆ ಆ ವರ್ಷದ ಅಡಿಕೆ ಹೋಗುತ್ತಿತ್ತು. ನಾವು ಸಾಲ ಮಾಡಿ ಗೊಬ್ಬರ ಹಾಕಿದ ವರ್ಷ ಅದು.

ಮೂರು ದಿನ ಮಣ್ಣು ತೆಗೆದರು. ಆ ಮೂರು ದಿನವೂ ಅತ್ತೆ ಸುರಂಗದ ಬಾಯಲ್ಲಿ ಮಣೆ ಹಾಕಿ ಕುಳಿತಿದ್ದರು. ಒಳಗಿದ್ದವರಿಗೆ ಗಂಟೆಗೊಮ್ಮೆ ಕೂಗಿ ಹೆಸರು ಹಿಡಿದು ಕರೆಯುತ್ತಿದ್ದರು, ಅವರು ಓಗೊಟ್ಟರೆ ಸಮಾಧಾನ. ಮೊಮ್ಮಗಳಿಗೂ ಶಾಲೆಗೆ ರಜೆ, ಅವಳೂ ಅಲ್ಲಿ. ನೀರು ಮತ್ತೆ ತಿಳಿಯಾದಾಗ ಅತ್ತೆ ಒಂದು ಕೊಡವನ್ನು ಮರಿಗೆಯ ಮೇಲೆ ಧಾರೆಗೆ ಹಿಡಿದು, ಇನ್ನೊಂದು ಕೈಯಲ್ಲಿ ತಸ್ಬೀಹ್ ಮಾಲೆ ಎಣಿಸತೊಡಗಿದರು. ಕೊಡ ತುಂಬುವಾಗ ತೊಂಬತ್ತೊಂಬತ್ತು ಮಣಿಯ ಒಂದು ಸುತ್ತು ಮುಗಿದು ಎರಡನೆಯದರಲ್ಲಿ ನಲವತ್ತು ಮಣಿ. ಇದು ಅವರ ಉಮ್ಮನಿಂದ ಬಂದ ಅಳತೆ. ಮಳೆಗಾಲ ಮುಗಿದಾಗ ಅರ್ಧ ಸುತ್ತಿಗೆ ಕೊಡ ತುಂಬುತ್ತದೆ, ಫೆಬ್ರವರಿಗೆ ಒಂದು ಸುತ್ತು, ಏಪ್ರಿಲ್ ಕೊನೆಗೆ ಎರಡು ದಾಟಬಾರದು. ದಾಟಿದರೆ ತೋಟಕ್ಕೆ ನೀರು ಬಿಡುವುದನ್ನು ಹಿಡಿತ ಮಾಡಬೇಕು. ಮಗಳು ಅದನ್ನು ಗಣಿತದ ಪುಸ್ತಕದ ಹಿಂದೆ ಬರೆದಿಟ್ಟಳು. ಆಮೇಲೆ ಪ್ರತಿ ಶುಕ್ರವಾರ ಬರೆಯತೊಡಗಿದಳು. ಮಂಗಳೂರಿಗೆ ಬಿಡಿ ಎಂಬ ಮಾತು ಅವಳ ಬಾಯಲ್ಲಿ ಯಾವಾಗ ನಿಂತಿತೋ ನನಗೆ ನೆನಪಿಲ್ಲ.

ನನ್ನ ಕಿವಿಯೂ ಸ್ವಲ್ಪ ಪಳಗಿತು. ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆಯ ಸದ್ದೇ ಮೊದಲು ಬರುತ್ತದೆ, ಹಕ್ಕಿ ಆಮೇಲೆ. ನಸುಕಿನಲ್ಲಿ ತೋಡಿನ ಬದಿಯಲ್ಲಿ ಸಿಳ್ಳಾರ ಹಕ್ಕಿ, ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನ ಹಾಗೆ, ರಾಗವಿಲ್ಲದೆ ಸಿಳ್ಳೆ ಹಾಕುತ್ತಿರುತ್ತದೆ. ಹಣ್ಣಡಿಕೆ ಬೀಳುವ ಸದ್ದು ಬೇರೆ, ಕೊಳೆರೋಗ ಬಂದ ಎಳೆಯ ಕಾಯಿ ಉದುರುವ ಸದ್ದು ಬೇರೆ. ಎರಡನೆಯದನ್ನು ಕೇಳಿದರೆ ಇವರಿಗೆ ನಿದ್ದೆ ಬರುವುದಿಲ್ಲ, ಬೆಳಗಾದ ಕೂಡಲೇ ಮೈಲುತುತ್ತು ಸುಣ್ಣ ಕಲಸಿ ಮದ್ದು ಬಿಡಲು ಜನ ಹುಡುಕಿಕೊಂಡು ಓಡುತ್ತಾರೆ. ಮೇ ಕೊನೆಗೆ, ಮಳೆಗೆ ಮುಂಚೆ, ತೋಡಿನ ಬದಿಯ ಮರಗಳಲ್ಲಿ ಮಿಂಚುಹುಳುಗಳು ಸೇರುತ್ತವೆ. ಅದಕ್ಕೆ ಮಾತ್ರ ಸದ್ದಿಲ್ಲ. ಮಕ್ಕಳು ಅಂಗಳದಲ್ಲಿ ಚಾಪೆ ಹಾಕಿ ಮಲಗಿ ನೋಡುತ್ತಿದ್ದರು, ಅತ್ತೆ ಮಾತ್ರ "ಇದರಲ್ಲೇನಿದೆ ನೋಡುವುದಕ್ಕೆ" ಎಂದು ಒಳಗೆ ಹೋಗುತ್ತಿದ್ದರು. ಅವರಿಗೆ ಗುಡ್ಡೆ ಎಂದೂ ಚೆಂದದ ವಸ್ತುವಾಗಲಿಲ್ಲ.

ಎಲ್ಲ ಸುಖವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮಗನಿಗೆ ಮಧ್ಯರಾತ್ರಿ ಜ್ವರ ನೆತ್ತಿಗೇರಿ ಇವರು ಅವನನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಇಳಿದದ್ದುಂಟು. ಹಟ್ಟಿಯಲ್ಲಿ ಹಾವು ಕಂಡದ್ದಕ್ಕೆ ಲೆಕ್ಕವಿಲ್ಲ. ನೆಂಟರ ಮದುವೆಗಳಲ್ಲಿ ಹೆಂಗಸರು ಯಾವುದೋ ಧಾರಾವಾಹಿಯ ಮಾತು ತೆಗೆದರೆ ನಾನು ಪಿಳಿಪಿಳಿ ನೋಡುತ್ತಾ ಕೂರಬೇಕಾಗುತ್ತಿತ್ತು. ಅದೂ ಒಂದು ಬಗೆಯ ಒಂಟಿತನವೇ.

ಅತ್ತೆ 2019ರ ಮಳೆಗಾಲದಲ್ಲಿ ತೀರಿಕೊಂಡರು. ಎರಡು ದಿನ ಮಲಗಿದ್ದು ಅಷ್ಟೇ. ಈಗ ಟಿ.ವಿ. ಬೇಕೇ ಬೇಡವೇ ಎಂಬ ಮಾತಿಗೆ ಅರ್ಥವೂ ಉಳಿದಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಹಿತ್ತಿಲಿನಲ್ಲಿ ಮರಿಗೆಯ ಹತ್ತಿರದ ಬಂಡೆಯ ಮೇಲೆ ನಿಂತರೆ ಸಿಗುತ್ತದೆ. ಮಗ ಬೆಂಗಳೂರಿನಿಂದ ಬಂದರೆ ಅರ್ಧ ದಿನ ಆ ಬಂಡೆಯ ಮೇಲೆಯೇ. ನಾನು ಏನೂ ಹೇಳುವುದಿಲ್ಲ. ರಾತ್ರಿ ಎಂಟೂವರೆಗೆ ಮಾತ್ರ ಒಳಗೆ ಬರುತ್ತಾನೆ, ಯಾರೂ ಕರೆಯದೆ.

ಈಗಿನ ಚಿಂತೆ ಬೇರೆ. ಕೆಳಗಿನ ತೋಟಗಳಲ್ಲಿ ಕೊಳವೆ ಬಾವಿಗಳು ಬಂದಿವೆ, ನಾನೂರು ಐನೂರು ಅಡಿ ಇಳಿಯುತ್ತವೆ. ಕೊರೆಯುವ ಯಂತ್ರ ಬಂದ ದಿನ ಗುಡ್ಡೆಯಿಡೀ ನಡುಗುತ್ತದೆ. ಅವರನ್ನೂ ದೂರುವ ಹಾಗಿಲ್ಲ, ಎಲ್ಲರಿಗೂ ಸುರಂಗದ ಭಾಗ್ಯವಿಲ್ಲ, ತೋಡಲು ಬಲ್ಲವರೂ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ನಮ್ಮವರು ಗುಡ್ಡೆಯ ಮೇಲೆ ಇಂಗುಗುಂಡಿಗಳನ್ನು ತೆಗೆಸಿದ್ದಾರೆ. ಬಿದ್ದ ಮಳೆ ಓಡಿಹೋಗದೆ ಅಲ್ಲಿಯೇ ಇಳಿಯಲಿ ಎಂದು.

ಮಗಳು ಮದುವೆಯಾಗಿ ಶಾರ್ಜಾದಲ್ಲಿದ್ದಾಳೆ. ಏಪ್ರಿಲ್ ಬಂತೆಂದರೆ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಾಳೆ. ಸಲಾಂ ಹೇಳಿ, ಉಪ್ಪ ಹೇಗಿದ್ದಾರೆ ಎಂದು ಕೇಳಿದ ಮೇಲೆ ಮೂರನೆಯ ಮಾತು, "ಎಣಿಸಿದಿರಾ ಉಮ್ಮ?" ನಾನು ಬಂಡೆಯಿಂದ ಇಳಿದು ಫೋನನ್ನು ಮರಿಗೆಯ ಹತ್ತಿರ ಹಿಡಿಯುತ್ತೇನೆ. ಅಲ್ಲಿಗೆ ಸಿಗ್ನಲ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಅವಳು ಆ ಕಡೆ ಮಾತಿಲ್ಲದೆ ಕೇಳುತ್ತಿರುತ್ತಾಳೆ. ಈ ಸಲ ಏಪ್ರಿಲ್ ಕೊನೆಯ ಶುಕ್ರವಾರ ಎರಡು ಸುತ್ತು ಮುಗಿದು ಹನ್ನೊಂದು ಮಣಿ ಆಯಿತು. ಹೇಳಿದೆ. ಬರೆದುಕೊಂಡಳು.